ಹಳೆಯ ಕಂಪ್ಯೂಟರ್ ಮತ್ತು ರಿಕವರಿ: ಕಾರವಾರದಿಂದ ಶಿರಸಿಯವರೆಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್ ತಿಂಗಳ ಮೊದಲ ಜಡಿಮಳೆ ಬಿದ್ದು ಎಂಟು ದಿನ ಆಗುವುದರೊಳಗೆ ನನ್ನ ಫೋನಿಗೆ ಕರೆ ಬರಲು ಶುರುವಾಗುತ್ತದೆ. ಅಂಕೋಲೆಯಿಂದ ಅತ್ತೆ, ಕುಮಟೆಯಿಂದ ಜೊತೆಗೆ ಓದಿದ ಗೆಳೆಯ, ಶಿರಸಿ ಕಡೆಯಿಂದ ಭಾವ. ಎಲ್ಲರ ಮಾತೂ ಒಂದೇ: "ಕಂಪ್ಯೂಟರ್ ಚಾಲೂ ಆಗ್ತಾ ಇಲ್ಲ, ರಿಕವರಿ ಮಾಡಬೇಕಂತೆ, ಹೇಗೆ?" ಫೋನಿನಲ್ಲಿ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವ ಬದಲು ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ವಿಂಡೋಸ್ ಎಕ್ಸ್‌ಪಿ, 7, 10 ಇರುವ ಹಳೆಯ ಮನೆ ಕಂಪ್ಯೂಟರ್, ಲ್ಯಾಪ್‌ಟಾಪ್‌ಗಳಿಗೆ ಇದು ಸಾಕಾಗುತ್ತದೆ. ಅವಸರ ಇದ್ದವರು ಮೊದಲ ಪ್ರಶ್ನೆಯನ್ನಾದರೂ ಓದಿ, ಆಮೇಲೆ ಕೀ ಒತ್ತಿ.

ರಿಕವರಿ ಮಾಡಿದರೆ ನನ್ನ ಫೋಟೊ, ಫೈಲು ವಾಪಸ್ ಬರ್ತದೆ ಅಲ್ವಾ?

ಇಲ್ಲ. ಬಹಳ ಜನ ಎಡವುವುದು ಈ ಒಂದು ಪದದಲ್ಲೇ. ರಿಕವರಿ ಅಂದರೆ ಕಳೆದದ್ದು ಮರಳಿ ಸಿಗುವುದು ಅಂತ ನಾವು ತಿಳಿಯುತ್ತೇವೆ. ಕಂಪ್ಯೂಟರಿನಲ್ಲಿ ಮರಳಿ ಬರುವುದು ವಿಂಡೋಸ್ ಮಾತ್ರ. ನಿಮ್ಮ ಫೈಲ್ ಅದರ ಲೆಕ್ಕಕ್ಕೆ ಇಲ್ಲ.

ಇದನ್ನು ನಾನು ಕಲಿತದ್ದು ಅಪ್ಪನ ಕಂಪ್ಯೂಟರಿನಲ್ಲಿ. ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ವಿಂಡೋಸ್ 7 ಇದ್ದ ಒಂದು ಬ್ರ್ಯಾಂಡೆಡ್ ಕಂಪ್ಯೂಟರ್ ಇತ್ತು. ತಾಳಮದ್ದಲೆಗೆ ಹೋಗುವ ಮೊದಲು ಅಪ್ಪ ಅರ್ಥದ ಟಿಪ್ಪಣಿಗಳನ್ನು ನುಡಿ ಎಂಬ ಕನ್ನಡ ಟೈಪಿಂಗ್ ಪ್ರೋಗ್ರಾಮಿನಲ್ಲಿ ಟೈಪ್ ಮಾಡಿಟ್ಟುಕೊಳ್ಳುತ್ತಿದ್ದರು. ಅಡಿಕೆ ಕೊಯ್ಲಿನ ಕೂಲಿ ಲೆಕ್ಕ, ಅಕ್ಕನ ಮದುವೆಯ ಫೋಟೊ ಎಲ್ಲ ಅದರಲ್ಲೇ. ಒಂದು ಮಳೆಗಾಲ ಅದು ಚಾಲೂ ಆಗಲಿಲ್ಲ. ಒಂದು ಅಂಗಡಿಗೆ ಫೋನ್ ಮಾಡಿದೆ. "ಎಫ್11 ಒತ್ತಿ, ಎಲ್ಲದಕ್ಕೂ ಯೆಸ್ ಕೊಡಿ" ಅಂದರು. ಕೊಟ್ಟೆ. ಎರಡು ಗಂಟೆ ಕಳೆದ ಮೇಲೆ ಕಂಪ್ಯೂಟರ್ ಹೊಸದರ ಹಾಗೆ ಎದ್ದಿತು. ಅಪ್ಪ ಬಂದು ಕುಳಿತು ತಮ್ಮ ಫೋಲ್ಡರ್ ಹುಡುಕಿದರು. ಇರಲಿಲ್ಲ. ಅರ್ಧದಷ್ಟು ಫೋಟೊ ಆಮೇಲೆ ಸಿಕ್ಕವು. ಟಿಪ್ಪಣಿ ಸಿಗಲಿಲ್ಲ. ಅಪ್ಪ ನನಗೆ ಒಂದು ಮಾತೂ ಅನ್ನಲಿಲ್ಲ. ಆ ನೋವು ಇನ್ನೂ ಇದೆ. ಇಷ್ಟು ಉದ್ದ ಬರೆಯುತ್ತಿರುವುದು ಅದಕ್ಕೇ.

ಹಾಗಾಗಿ ಪರದೆಯ ಮೇಲೆ ಬರುವ ಹೆಸರುಗಳನ್ನು ನಿಧಾನವಾಗಿ ಓದಿ. 'ಸ್ಟಾರ್ಟಪ್ ರಿಪೇರ್' ಎಂಬುದು ವಿಂಡೋಸ್ ಏಳಲು ಬೇಕಾದ ಭಾಗವನ್ನಷ್ಟೇ ಸರಿ ಮಾಡುತ್ತದೆ. 'ಸಿಸ್ಟಮ್ ರಿಸ್ಟೋರ್' ವಿಂಡೋಸನ್ನು ಹಿಂದಿನ ಯಾವುದೋ ಒಂದು ದಿನದ ಸ್ಥಿತಿಗೆ ಒಯ್ಯುತ್ತದೆ. ಆ ದಿನದ ನಂತರ ಹಾಕಿದ ಪ್ರೋಗ್ರಾಂ, ಡ್ರೈವರ್ (ಪ್ರಿಂಟರ್, ವೈಫೈಯಂಥ ಭಾಗಗಳನ್ನು ಓಡಿಸುವ ಪ್ರೋಗ್ರಾಂ) ಹೋಗುತ್ತವೆ. ಫೋಟೊ, ಪತ್ರ ಹಾಗೇ ಇರುತ್ತವೆ. ಇವೆರಡಕ್ಕೂ ಹೆದರಬೇಕಾಗಿಲ್ಲ. ವಿಂಡೋಸ್ 10ರ 'ರಿಸೆಟ್ ದಿಸ್ ಪಿಸಿ'ಯಲ್ಲಿ ಎರಡು ದಾರಿ ಇವೆ. 'ಕೀಪ್ ಮೈ ಫೈಲ್ಸ್' ಒತ್ತಿದರೆ ಫೈಲ್ ಉಳಿದು, ನೀವು ಹಾಕಿಸಿಕೊಂಡ ನುಡಿ, ಟ್ಯಾಲಿಯಂಥ ಪ್ರೋಗ್ರಾಂಗಳು ಹೋಗುತ್ತವೆ. 'ರಿಮೂವ್ ಎವೆರಿಥಿಂಗ್' ಒತ್ತಿದರೆ ಎರಡೂ ಹೋಗುತ್ತವೆ. ಇನ್ನು 'ಫ್ಯಾಕ್ಟರಿ ರಿಕವರಿ' ಅಂದರೆ ಅಂಗಡಿಯಿಂದ ತಂದ ದಿನದ ಸ್ಥಿತಿ. ಅದು ಸಿ ಡ್ರೈವನ್ನು ಪೂರ್ತಿ ಗುಡಿಸಿ ಹಾಕುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಡಿ ಡ್ರೈವ್ ಕೂಡ ಹೋಗುತ್ತದೆ.

ಮೊದಲು ಫೈಲ್ ಹೊರಗೆ ತೆಗೆಯಿರಿ. ಆಮೇಲೆ ಕಾರಣ ಹುಡುಕಿ. ರಿಕವರಿ ಕೊನೆಗೆ. ಮುಂದಿನ ಉತ್ತರಗಳೆಲ್ಲ ಇದೇ ಕ್ರಮದ ಮೇಲೆ ನಿಂತಿವೆ.

ಬಟನ್ ಒತ್ತಿದರೆ ಪರದೆ ಕಪ್ಪಾಗಿಯೇ ಇದೆ. ರಿಕವರಿ ಮಾಡಲಾ?

ಪರದೆಯಲ್ಲಿ ಒಂದಕ್ಷರವೂ ಬರದಿದ್ದರೆ ಅದು ವಿಂಡೋಸಿನ ತೊಂದರೆ ಅಲ್ಲ. ರಿಕವರಿಯ ಮಾತೇ ಬೇಡ.

ಫ್ಯಾನ್ ಕೂಡ ತಿರುಗದಿದ್ದರೆ ಪ್ಲಗ್, ವೈರು, ಯುಪಿಎಸ್ ನೋಡಿ. ಮನೆ ಯುಪಿಎಸ್‌ನ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೋಲುತ್ತದೆ. ಯುಪಿಎಸ್ ಬಿಟ್ಟು ಒಮ್ಮೆ ನೇರ ಗೋಡೆಯ ಪ್ಲಗ್ಗಿಗೆ ಹಾಕಿ ನೋಡಿ. ಆಗಲೂ ಇಲ್ಲ ಅಂದರೆ, ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ ಎಸ್‌ಎಂಪಿಎಸ್ ಹೋಗಿರಬಹುದು. ಆ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಕರೆಂಟ್ ಉಳಿದಿರುತ್ತದೆ.

ಫ್ಯಾನ್ ತಿರುಗುತ್ತದೆ, ಪರದೆ ಬರುವುದಿಲ್ಲ, ಬೀಪ್ ಬೀಪ್ ಸದ್ದು ಬರುತ್ತದೆ ಅಂದರೆ ನಮ್ಮ ಕಡೆ ಹೆಚ್ಚಾಗಿ ಅದು ಕಂಪ್ಯೂಟರಿನ ತಾತ್ಕಾಲಿಕ ನೆನಪಿನ ಪಟ್ಟಿ, ಅಂದರೆ ರ‍್ಯಾಮ್. ತೇವಕ್ಕೆ ಅದರ ಹೊಂಬಣ್ಣದ ಹಲ್ಲುಗಳ ಮೇಲೆ ಕಪ್ಪು ಪೊರೆ ಕಟ್ಟುತ್ತದೆ. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಸಿಪಿಯು ಪೆಟ್ಟಿಗೆಯ ಬಣ್ಣವಿಲ್ಲದ ಕಬ್ಬಿಣದ ಭಾಗ ಒಮ್ಮೆ ಮುಟ್ಟಿ, ಮೈಯಲ್ಲಿರುವ ಸ್ಟ್ಯಾಟಿಕ್ ಇಳಿಯಲಿ. ಎರಡೂ ತುದಿಯ ಕ್ಲಿಪ್ ಬಿಚ್ಚಿ ರ‍್ಯಾಮ್ ತೆಗೆಯಿರಿ. ಮಕ್ಕಳ ಬಿಳಿ ರಬ್ಬರಿನಿಂದ ಹಲ್ಲುಗಳನ್ನು ಮೆಲ್ಲಗೆ ಉಜ್ಜಿ. ರಬ್ಬರಿನ ಪುಡಿ ಸ್ಲಾಟಿನೊಳಗೆ ಬೀಳಬಾರದು. ಹಲ್ಲುಗಳ ನಡುವಿನ ಕಚ್ಚನ್ನು ಸ್ಲಾಟಿಗೆ ಸರಿಯಾಗಿ ಕೂಡಿಸಿ, ಕ್ಲಿಪ್ ಎರಡೂ 'ಟಕ್' ಎನ್ನುವವರೆಗೆ ಒತ್ತಿ. ನನಗೆ ಬರುವ ಮಳೆಗಾಲದ ಕರೆಗಳಲ್ಲಿ ಎಷ್ಟೋ ಇಷ್ಟಕ್ಕೇ ಮುಗಿದಿವೆ. ಇಂಥ ಕಂಪ್ಯೂಟರನ್ನು ಅಂಗಡಿಗೆ ಒಯ್ದು 'ಫಾರ್ಮ್ಯಾಟ್ ಹೊಡೆಸಿ' ಫೈಲ್ ಕಳೆದುಕೊಂಡವರೂ ಇದ್ದಾರೆ. ಬೇಜಾರಾಗುತ್ತದೆ.

ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಏನೋ ಬರ್ತದೆ, ಮುಂದೆ ಹೋಗುವುದಿಲ್ಲ.

ಅದನ್ನು ಮೊಬೈಲಿನಲ್ಲಿ ಫೋಟೊ ಹೊಡೆದಿಟ್ಟುಕೊಳ್ಳಿ. ಆ ಸಾಲೇ ಅರ್ಧ ಉತ್ತರ.

'ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್' ಅಂದರೆ ಎಕ್ಸ್‌ಪಿ ಕಂಪ್ಯೂಟರ್. 'ಬೂಟ್‌ಎಂಜಿಆರ್ ಈಸ್ ಮಿಸ್ಸಿಂಗ್' ಅಂದರೆ ಅದರ ನಂತರದ್ದು. ಎರಡರಲ್ಲೂ ಮೊದಲು ನೋಡಬೇಕಾದದ್ದು ಪೆನ್ ಡ್ರೈವ್, ಡಿವಿಡಿ, ಮೆಮೊರಿ ಕಾರ್ಡ್ ಏನಾದರೂ ಸಿಕ್ಕಿಸಿಟ್ಟಿದ್ದೀರಾ ಅಂತ. ಕಂಪ್ಯೂಟರ್ ಅದರಲ್ಲಿ ವಿಂಡೋಸ್ ಹುಡುಕಿ ಸೋತು ನಿಂತಿರುತ್ತದೆ. ಕಿತ್ತು ಮತ್ತೆ ಚಾಲೂ ಮಾಡಿ. ಆಗದಿದ್ದರೆ, ವಿಂಡೋಸ್ ಏಳುವ ಮೊದಲೇ ಬರುವ ಮೂಲ ಸೆಟ್ಟಿಂಗಿನ ಪರದೆ ಬಯಾಸ್‌ಗೆ ಹೋಗಿ ಹಾರ್ಡ್‌ಡಿಸ್ಕಿನ ಹೆಸರು ಕಾಣುತ್ತದೆಯೇ ನೋಡಿ. ಹೆಸರು ಇದ್ದರೆ ಸ್ಟಾರ್ಟಪ್ ರಿಪೇರ್ ಸಾಕಾಗಬಹುದು. ಹೆಸರೇ ಇಲ್ಲದಿದ್ದರೆ ಡಿಸ್ಕಿನ ಕೇಬಲ್ ಸಡಿಲಾಗಿದೆ, ಅಥವಾ ಡಿಸ್ಕ್ ಹೋಗಿದೆ. ಕೇಬಲ್ ಎರಡೂ ಕಡೆ ಕಿತ್ತು ಮತ್ತೆ ಹಾಕಿ.

ಎಂಟು ದಿನ ಮುಚ್ಚಿಟ್ಟು ತೆಗೆದರೆ ತಾರೀಖು ಹಿಂದಕ್ಕೆ ಹೋಗಿರ್ತದೆ. ಈಗ ನೀಲಿ ಪರದೆಯೂ ಶುರುವಾಗಿದೆ. ಎರಡಕ್ಕೂ ಸಂಬಂಧ ಇದೆಯಾ?

ಇದೆ. ಮದರ್‌ಬೋರ್ಡಿನ ಮೇಲೆ ನಾಣ್ಯದ ಹಾಗೆ ಒಂದು ಸೆಲ್ ಇರುತ್ತದೆ. ಹೆಸರು ಸಿಆರ್2032. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, ಅದಕ್ಕೇ ಆ ಸಂಖ್ಯೆ. 3 ವೋಲ್ಟಿನದು. ಪ್ಲಗ್ ಕಿತ್ತಾಗ ಗಡಿಯಾರವನ್ನು ಓಡಿಸುವುದು ಅದೇ. ಹಳೆಯ ಕಂಪ್ಯೂಟರುಗಳಲ್ಲಿ ಬಯಾಸ್ ಸೆಟ್ಟಿಂಗನ್ನು ನೆನಪಿಟ್ಟುಕೊಳ್ಳುವುದಕ್ಕೂ ಅದೇ ಬೇಕು. ಸೆಲ್ ಸತ್ತರೆ ತಾರೀಖು ಬೋರ್ಡ್ ತಯಾರಾದ ಕಾಲದ ಯಾವುದೋ ವರ್ಷಕ್ಕೆ ಹೋಗುತ್ತದೆ. ಬಯಾಸ್ ಸೆಟ್ಟಿಂಗೂ ಮೊದಲಿನದಕ್ಕೆ ಮರಳುತ್ತದೆ.

ನೀಲಿ ಪರದೆಯ ಗುಟ್ಟು ಇಲ್ಲಿದೆ. ಬಯಾಸಿನಲ್ಲಿ 'ಸಾಟಾ ಮೋಡ್' ಅಂತ ಒಂದು ಸಾಲು ಇರುತ್ತದೆ. ಕಂಪ್ಯೂಟರ್ ಡಿಸ್ಕಿನ ಜೊತೆ ಮಾತಾಡುವ ಬಗೆ ಅದು: ಐಡಿಇ ಅಥವಾ ಎಎಚ್‌ಸಿಐ. ವಿಂಡೋಸ್ ಹಾಕಿದಾಗ ಐಡಿಇ ಇದ್ದು, ಸೆಲ್ ಸತ್ತ ಮೇಲೆ ತಾನಾಗಿಯೇ ಎಎಚ್‌ಸಿಐ ಆಗಿಬಿಟ್ಟರೆ, ವಿಂಡೋಸಿಗೆ ತನ್ನದೇ ಡಿಸ್ಕ್ ಕಾಣುವುದಿಲ್ಲ. ಆಗ ಕೊನೆಯಲ್ಲಿ 7ಬಿ ಎಂದಿರುವ ನೀಲಿ ಪರದೆ ಬರುತ್ತದೆ. ಅಲ್ಲಿ ಒಂದು ಫೈಲೂ ಹಾಳಾಗಿಲ್ಲ, ವಿಂಡೋಸೂ ಹಾಳಾಗಿಲ್ಲ. ಮೋಡ್ ಬದಲಿಸಿ ಸೇವ್ ಮಾಡಿದರೆ ಎದ್ದು ಬರುತ್ತದೆ. ಇಂಥದ್ದಕ್ಕೆ ಫ್ಯಾಕ್ಟರಿ ರಿಕವರಿ ಮಾಡಿದರೆ ಎಂಥ ಅನ್ಯಾಯ, ಯೋಚಿಸಿ.

ಸೆಲ್ ಬದಲಿಸುವುದು ಸುಲಭ. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಪ್ಲಗ್ ಕಿತ್ತು, ಪಕ್ಕದ ಚಿಕ್ಕ ಕೊಂಡಿ ಒತ್ತಿದರೆ ಮೇಲೆ ಬರುತ್ತದೆ. ಅಧಿಕ ಚಿಹ್ನೆ ಮೇಲಿರಲಿ. ತಾರೀಖು, ಸಾಟಾ ಮೋಡ್ ಸರಿ ಮಾಡಿ ಸೇವ್ ಮಾಡಿ. ಹಳೆಯ ಸೆಲ್ಲನ್ನು ಮಕ್ಕಳ ಕೈಗೆ ಸಿಗುವಂತೆ ಇಡಬೇಡಿ. ನುಂಗಿದರೆ ಪ್ರಾಣಕ್ಕೇ ಅಪಾಯ, ತಡಮಾಡದೆ ಆಸ್ಪತ್ರೆಗೆ ಓಡಬೇಕು.

'ಆಟೊಮ್ಯಾಟಿಕ್ ರಿಪೇರ್' ಅಂತ ಬಂದು ಸುತ್ತುತ್ತಲೇ ಇರ್ತದೆ. ಬೆಳಿಗ್ಗೆಯಿಂದ ನಾಲ್ಕು ಸಲ ಆಯ್ತು.

ಐದನೇ ಸಲ ಬೇಡ. ಸತತ ಎರಡು ಮೂರು ಸಲ ಏಳಲು ಸೋತರೆ ವಿಂಡೋಸ್ 10 ತಾನಾಗಿ ಈ ಪರದೆಗೆ ಬರುತ್ತದೆ. ಅಲ್ಲಿ 'ಅಡ್ವಾನ್ಸ್‌ಡ್ ಆಪ್ಷನ್ಸ್' ಒತ್ತಿ 'ಸಿಸ್ಟಮ್ ರಿಸ್ಟೋರ್' ಇದೆಯೇ ನೋಡಿ. ತಾರೀಖುಗಳ ಪಟ್ಟಿ ಬಂದರೆ, ಎಲ್ಲ ಸರಿ ಇದ್ದ ದಿನ ಆರಿಸಿ. ಪಟ್ಟಿ ಖಾಲಿ ಇದ್ದರೆ 'ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್' ಪ್ರಯತ್ನಿಸಿ. ಅಪ್‌ಡೇಟ್ ಆಗುತ್ತಿರುವಾಗ ಕರೆಂಟ್ ಹೋಗಿ ಹೀಗಾಗುವುದು ಸಾಮಾನ್ಯ.

ವಿಂಡೋಸ್ 7 ಆದರೆ, ಚಾಲೂ ಮಾಡಿದ ಕೂಡಲೇ ಎಫ್8 ಒಂದೇ ಸಮನೆ ತಟ್ಟಿ. ಕಪ್ಪು ಪಟ್ಟಿ ಬರುತ್ತದೆ. 'ಲಾಸ್ಟ್ ನೋನ್ ಗುಡ್ ಕಾನ್ಫಿಗರೇಶನ್' ಮೊದಲು ನೋಡಿ, ಆಮೇಲೆ 'ಸೇಫ್ ಮೋಡ್'. ಸೇಫ್ ಮೋಡಿಗೆ ಹೋದರೆ ಅರ್ಧ ಗೆದ್ದಂತೆ: ಅಲ್ಲೇ ಕುಳಿತು ಫೈಲುಗಳನ್ನು ಪೆನ್ ಡ್ರೈವಿಗೆ ತೆಗೆದುಕೊಳ್ಳಬಹುದು. ವಿಂಡೋಸ್ 10ರಲ್ಲಿ ಎಫ್8 ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಲಾಗಿನ್ ಪರದೆಯವರೆಗೆ ಬಂದರೆ ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಬೇಕು.

ವಿಂಡೋಸೇ ಏಳುತ್ತಿಲ್ಲ. ಫೈಲ್ ಹೊರಗೆ ತೆಗೆಯೋದು ಹೇಗೆ?

ಎರಡು ದಾರಿ.

ಒಂದು, ಲಿನಕ್ಸ್ ಪೆನ್ ಡ್ರೈವ್. ಇನ್ನೊಬ್ಬರ ಕಂಪ್ಯೂಟರಿನಲ್ಲಿ ಲಿನಕ್ಸ್ ಮಿಂಟ್ ಡೌನ್‌ಲೋಡ್ ಮಾಡಿ, ರೂಫಸ್ ಎಂಬ ಪುಟ್ಟ ಪ್ರೋಗ್ರಾಮಿನಿಂದ 8 ಜಿಬಿ ಪೆನ್ ಡ್ರೈವಿಗೆ ಹಾಕಿಕೊಳ್ಳಿ. ಎರಡೂ ಉಚಿತ. ತೀರಾ ಹಳೆಯ 32 ಬಿಟ್ ಕಂಪ್ಯೂಟರಿಗೆ ಪಪ್ಪಿ ಲಿನಕ್ಸ್ ಹಗುರ. ಆ ಪೆನ್ ಡ್ರೈವಿನಿಂದಲೇ ಕಂಪ್ಯೂಟರ್ ಎಬ್ಬಿಸಿ. ಡೆಸ್ಕ್‌ಟಾಪಿನಲ್ಲಿ 'ಇನ್‌ಸ್ಟಾಲ್' ಎಂಬ ಐಕಾನ್ ಕಾಣುತ್ತದೆ, ಅದನ್ನು ಮುಟ್ಟಬೇಡಿ. ಫೈಲ್ ಮ್ಯಾನೇಜರ್ ತೆರೆದರೆ ನಿಮ್ಮ ಡಿಸ್ಕ್ ಕಾಣುತ್ತದೆ. ಇನ್ನೊಂದು ಯುಎಸ್‌ಬಿ ಡಿಸ್ಕಿಗೆ ನಕಲು ಮಾಡಿ.

ಎರಡು, ಡಿಸ್ಕನ್ನೇ ಬಿಚ್ಚಿ ಯುಎಸ್‌ಬಿ ಕೇಬಲ್ಲಿನಿಂದ ಬೇರೆ ಕಂಪ್ಯೂಟರಿಗೆ ಹಾಕುವುದು. ಲ್ಯಾಪ್‌ಟಾಪಿನ ಚಿಕ್ಕ ಡಿಸ್ಕಿಗೆ ಸಾದಾ ಕೇಸಿಂಗ್ ಸಾಕು. ಡೆಸ್ಕ್‌ಟಾಪಿನ ದೊಡ್ಡ ಡಿಸ್ಕಿಗೆ 12 ವೋಲ್ಟಿನ ಬೇರೆ ಅಡಾಪ್ಟರ್ ಇರುವ ಕನ್ವರ್ಟರ್ ಬೇಕು. ಅಗಲ ಪಟ್ಟಿಯ ಕೇಬಲ್ ಇರುವ ಹಳೆಯ ಐಡಿಇ ಡಿಸ್ಕ್ ಆದರೆ, ಐಡಿಇಗೂ ಆಗುವ ಕನ್ವರ್ಟರ್ ಕೇಳಿ ತೆಗೆದುಕೊಳ್ಳಿ.

ಎಲ್ಲಿ ಹುಡುಕುವುದು? ಎಕ್ಸ್‌ಪಿಯಲ್ಲಿ 'ಡಾಕ್ಯುಮೆಂಟ್ಸ್ ಆ್ಯಂಡ್ ಸೆಟ್ಟಿಂಗ್ಸ್' ಒಳಗೆ, ವಿಂಡೋಸ್ 7, 10ರಲ್ಲಿ 'ಯೂಸರ್ಸ್' ಒಳಗೆ ನಿಮ್ಮ ಹೆಸರಿನ ಫೋಲ್ಡರ್ ಇರುತ್ತದೆ. 'ಡೆಸ್ಕ್‌ಟಾಪ್' ಕೂಡ ಅದರೊಳಗೇ ಇರುವ ಒಂದು ಫೋಲ್ಡರ್. ನಮ್ಮ ಮನೆಗಳಲ್ಲಿ ಹಿರಿಯರು ಎಲ್ಲವನ್ನೂ ಡೆಸ್ಕ್‌ಟಾಪ್ ಮೇಲೇ ಇಡುತ್ತಾರೆ, ಅದನ್ನು ಮರೆತರೆ ಎಲ್ಲ ಮರೆತಂತೆ. ಟ್ಯಾಲಿ ಲೆಕ್ಕ ಇದ್ದರೆ ಅದರ ಡೇಟಾ ಫೋಲ್ಡರ್ ಬೇರೆ ಕಡೆ ಇರಬಹುದು. ನುಡಿ, ಬರಹ ಎಂಬ ಟೈಪಿಂಗ್ ಪ್ರೋಗ್ರಾಂಗಳ ಫೈಲುಗಳನ್ನು ಪ್ರೋಗ್ರಾಮಿನ ಫೋಲ್ಡರಿನೊಳಗೇ ಸೇವ್ ಮಾಡಿದವರನ್ನೂ ನೋಡಿದ್ದೇನೆ. ನಕಲು ಮುಗಿದ ಮೇಲೆ ನಾಲ್ಕು ಫೋಟೊ, ನಾಲ್ಕು ಪತ್ರ ತೆರೆದು ನೋಡಿ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು "ಇನ್ನೇನಾದರೂ ಇತ್ತಾ?" ಅಂತ ಕೇಳಿ. ನಾನು ಆ ದಿನ ಕೇಳಲಿಲ್ಲ.

ಒಳಗಿಂದ ಟಕ್ ಟಕ್ ಸದ್ದು ಬರ್ತಿದೆ.

ಈಗಲೇ ಆಫ್ ಮಾಡಿ. ಅದು ಹಾರ್ಡ್‌ಡಿಸ್ಕಿನ ಓದುವ ಮುಳ್ಳು ಜಾಗ ಸಿಗದೆ ಒದ್ದಾಡುವ ಸದ್ದು. ಆನ್ ಇರುವ ಒಂದೊಂದು ನಿಮಿಷವೂ ಹಾನಿ. ರಿಕವರಿ, ಚೆಕ್ ಡಿಸ್ಕ್ ಯಾವುದೂ ಬೇಡ. ಒಳಗಿನ ಫೈಲ್ ನಿಜವಾಗಿ ಬೇಕು ಅಂದರೆ ಡೇಟಾ ರಿಕವರಿಯನ್ನೇ ಕಸುಬಾಗಿ ಮಾಡುವವರ ಹತ್ತಿರ ಕೊಡಬೇಕು. ಅವರು ದೊಡ್ಡ ಊರುಗಳಲ್ಲಿ ಇರುತ್ತಾರೆ, ಖರ್ಚೂ ಜಾಸ್ತಿ. ಡಿಸ್ಕಿನ ಮುಚ್ಚಳ ತೆಗೆದು ನೋಡುತ್ತೇನೆ ಅನ್ನುವವರ ಕೈಗೆ ಕೊಡಬೇಡಿ. ಒಂದು ಕಣ ಧೂಳು ಒಳಗೆ ಬಿದ್ದರೂ ಮುಗಿಯಿತು.

ಫ್ಯಾಕ್ಟರಿ ರಿಕವರಿಗೆ ಯಾವ ಕೀ?

ಚಾಲೂ ಮಾಡಿದ ಕ್ಷಣದಿಂದ ತಟ್ಟುತ್ತಿರಬೇಕು. ಎಚ್‌ಪಿಗೆ ಎಫ್11. ಏಸರ್‌ಗೆ ಆಲ್ಟ್ ಹಿಡಿದು ಎಫ್10. ಏಸುಸ್‌ಗೆ ಎಫ್9. ತೋಶಿಬಾಗೆ ಸೊನ್ನೆ ಕೀ ಒತ್ತಿ ಹಿಡಿದು ಚಾಲೂ ಮಾಡಬೇಕು. ಲೆನೊವೊ ಲ್ಯಾಪ್‌ಟಾಪ್ ಎಷ್ಟೋ ಮಾಡೆಲ್‌ಗಳಲ್ಲಿ ನೋವೊ ಎಂಬ ಪುಟ್ಟ ಗುಂಡಿ ಇರುತ್ತದೆ. ವಿಂಡೋಸ್ 7ರ ಡೆಲ್‌ನಲ್ಲಿ ಎಫ್8 ತಟ್ಟಿ 'ರಿಪೇರ್ ಯುವರ್ ಕಂಪ್ಯೂಟರ್'. ಪೆನ್ ಡ್ರೈವಿನಿಂದ ಎಬ್ಬಿಸುವ ಬೂಟ್ ಮೆನು ಬೇಕಾದರೆ ಡೆಲ್, ಏಸರ್, ಲೆನೊವೊಗೆ ಎಫ್12, ಎಚ್‌ಪಿಗೆ ಎಫ್9. ಮಾಡೆಲ್ ನೋಡಿ ಒಂದಿಷ್ಟು ಹೆಚ್ಚುಕಡಿಮೆ ಆಗುತ್ತದೆ.

ನಮ್ಮದರಲ್ಲಿ ಯಾವ ಕೀ ಒತ್ತಿದರೂ ರಿಕವರಿ ಬರುವುದಿಲ್ಲ.

ನಿಮ್ಮದು ಅಸೆಂಬಲ್ಡ್ ಕಂಪ್ಯೂಟರ್ ಇರಬೇಕು. ಅಂಗಡಿಯಲ್ಲಿ ಬಿಡಿಭಾಗ ಜೋಡಿಸಿ ಕೊಟ್ಟದ್ದರಲ್ಲಿ, ಡಿಸ್ಕಿನಲ್ಲಿ ರಿಕವರಿಗೆಂದು ತೆಗೆದಿಟ್ಟ ಭಾಗವೇ ಇರುವುದಿಲ್ಲ. ಬ್ರ್ಯಾಂಡೆಡ್ ಆಗಿದ್ದರೂ, ಹಿಂದೆ ಯಾರೋ ಪೂರ್ತಿ ಡಿಸ್ಕ್ ಫಾರ್ಮ್ಯಾಟ್ ಹೊಡೆದಿದ್ದರೆ ಅದು ಆಗಲೇ ಹೋಗಿರುತ್ತದೆ. ಕೆಲವು ಕಂಪ್ಯೂಟರಿನಲ್ಲಿ 'ರಿಕವರಿ' ಎಂದು ಬರೆದ ಡಿ ಡ್ರೈವ್ ಕಾಣುತ್ತದೆ. ಅದರಲ್ಲಿ ಜಾಗ ಇದೆ ಅಂತ ಸಿನಿಮಾ ತುಂಬಿಸಬೇಡಿ, ಒಳಗಿನ ಫೈಲ್ ಅಳಿಸಲೂ ಬೇಡಿ.

ಖರೀದಿಸಿದಾಗ ಮಾಡಿಟ್ಟ ರಿಕವರಿ ಡಿವಿಡಿ ಇದ್ದರೆ ಒಳ್ಳೆಯದು. ಆದರೆ ನಮ್ಮ ಹವೆಗೆ ಡಿವಿಡಿಗೂ ಬೂಸ್ಟು ಬರುತ್ತದೆ. ಮೆತ್ತಗಿನ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರ ಒರೆಸಿ, ಸುತ್ತಲೂ ಉಜ್ಜಬೇಡಿ. ಏನೂ ಇಲ್ಲದವರಿಗೆ ಉಳಿದ ದಾರಿ ವಿಂಡೋಸನ್ನು ಹೊಸದಾಗಿ ಹಾಕುವುದು. ವಿಂಡೋಸ್ 10 ಮೊದಲು ಅಸಲಿಯಾಗಿ ಆಕ್ಟಿವೇಟ್ ಆಗಿದ್ದ ಬೋರ್ಡ್ ಆದರೆ ಮತ್ತೆ ಪ್ರಾಡಕ್ಟ್ ಕೀ (ಪರವಾನಗಿಯ ಸಂಖ್ಯೆ) ಕೇಳುವುದಿಲ್ಲ, ನೆಟ್‌ಗೆ ಸೇರಿದ ಮೇಲೆ ತಾನೇ ಆಕ್ಟಿವೇಟ್ ಆಗುತ್ತದೆ. ವಿಂಡೋಸ್ 7ರ ಕೀ ಪೆಟ್ಟಿಗೆಯ ಪಕ್ಕ ಅಥವಾ ಲ್ಯಾಪ್‌ಟಾಪ್ ತಳದ ಸ್ಟಿಕ್ಕರಿನಲ್ಲಿ ಇರುತ್ತದೆ. ಬೆವರು, ತೇವಕ್ಕೆ ಅಳಿಸಿಹೋಗುವ ಮೊದಲು ಫೋಟೊ ತೆಗೆದಿಡಿ.

ರಿಕವರಿ ಅರ್ಧಕ್ಕೆ ನಿಂತಿದೆ. ಮುಂದೆ ಹೋಗುತ್ತಲೇ ಇಲ್ಲ.

ಡಿಸ್ಕಿನ ದೀಪ ಮಿನುಗುತ್ತಿದ್ದರೆ ಕಾಯಿರಿ. ಹಳೆಯ ಹಾರ್ಡ್‌ಡಿಸ್ಕಿಗೆ ಮೂರು ಗಂಟೆಯೂ ಬೇಕಾಗುತ್ತದೆ. ಒಂದೇ ಅಂಕೆಯಲ್ಲಿ ಗಂಟೆಗಟ್ಟಲೆ ನಿಂತು, ದೀಪವೂ ಸತ್ತಿದ್ದರೆ ಮಾತ್ರ ಪವರ್ ಬಟನ್ ಒತ್ತಿ ಹಿಡಿಯಿರಿ. ಮತ್ತೆ ಮಾಡಿದಾಗಲೂ ಅದೇ ಅಂಕೆಗೆ ನಿಂತರೆ ಡಿಸ್ಕಿನಲ್ಲಿ ಬ್ಯಾಡ್ ಸೆಕ್ಟರ್, ಅಂದರೆ ಓದಲಾಗದ ಹಾಳು ಜಾಗ, ಇದೆ ಅಂತ ತಿಳಿಯಿರಿ. ಪ್ರತಿ ಸಲ ಬೇರೆ ಬೇರೆ ಕಡೆ ನಿಂತರೆ ರ‍್ಯಾಮ್ ಅಥವಾ ಬಿಸಿ. ಫ್ಯಾನಿನ ಧೂಳು ತೆಗೆದು ಮತ್ತೆ ನೋಡಿ.

ಮೇ ತಿಂಗಳ ಸಂಜೆ, ಘಟ್ಟದ ಮೇಲೆ ಮೋಡ ಕಟ್ಟಿದಾಗ ರಿಕವರಿ ಶುರು ಮಾಡಬೇಡಿ. ಮಧ್ಯದಲ್ಲಿ ಕರೆಂಟ್ ಹೋದರೆ ಹಳೆಯ ವಿಂಡೋಸೂ ಇಲ್ಲ, ಹೊಸದೂ ಇಲ್ಲ. ಮನೆಯ ಚಿಕ್ಕ ಯುಪಿಎಸ್ ಕೊಡುವುದು ಕೆಲವು ನಿಮಿಷ ಮಾತ್ರ. ಇನ್ವರ್ಟರ್ ಇದ್ದರೆ ಅದರಲ್ಲಿ ಹಾಕಿ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ಪೂರ್ತಿ ತುಂಬಿಸಿಕೊಂಡು, ಚಾರ್ಜರ್ ಹಾಕಿಯೇ ಮಾಡಿ. ಬೆಳಗಿನ ಹೊತ್ತು ಒಳ್ಳೆಯದು.

ತಪ್ಪಿ ಫ್ಯಾಕ್ಟರಿ ರಿಕವರಿ ಮಾಡಿಬಿಟ್ಟೆ. ಹಳೆಯದು ಏನಾದರೂ ಸಿಗ್ತದಾ?

ಹಾರ್ಡ್‌ಡಿಸ್ಕ್ ಆಗಿದ್ದರೆ ಸ್ವಲ್ಪ ಆಸೆ ಇದೆ. ರಿಕವರಿ ಹೊಸ ವಿಂಡೋಸ್ ಬರೆದ ಜಾಗದಲ್ಲಿದ್ದದ್ದು ಹೋಯಿತು. ಉಳಿದ ಜಾಗದಲ್ಲಿ ಹಳೆಯ ಫೈಲ್ ಇನ್ನೂ ಕೂತಿರಬಹುದು. ಅದಕ್ಕೇ ಆ ಕ್ಷಣದಿಂದ ಕಂಪ್ಯೂಟರ್ ಬಳಸಬೇಡಿ. ನೆಟ್ ನೋಡಿದರೂ ಅದು ಡಿಸ್ಕಿನ ಮೇಲೆ ಬರೆಯುತ್ತಿರುತ್ತದೆ. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿ, ಫೋಟೊರೆಕ್ ಎಂಬ ಉಚಿತ ಪ್ರೋಗ್ರಾಂ ಓಡಿಸಿ. ಸಿಕ್ಕದ್ದನ್ನು ಅದೇ ಡಿಸ್ಕಿಗೆ ಅಲ್ಲ, ಇನ್ನೊಂದಕ್ಕೆ ಉಳಿಸಿ. ಫೈಲಿನ ಹೆಸರು ಸಿಗುವುದಿಲ್ಲ, ಎಲ್ಲಕ್ಕೂ ಅಂಕೆಯ ಹೆಸರು ಇರುತ್ತದೆ. ಸಾವಿರಾರು ಚಿತ್ರಗಳ ನಡುವೆ ಕುಳಿತು ಹೆಕ್ಕಬೇಕು. ಅಕ್ಕನ ಮದುವೆಯ ಫೋಟೊ ನನಗೆ ಸಿಕ್ಕಿದ್ದು ಹಾಗೆ. ತಿರುಗುವ ತಟ್ಟೆ ಇಲ್ಲದೆ ಚಿಪ್ಪಿನಲ್ಲೇ ಬರೆಯುವ ಎಸ್‌ಎಸ್‌ಡಿ ಆಗಿದ್ದರೆ ಆಸೆ ಕಡಿಮೆ. ಅಳಿಸಿದ ಜಾಗವನ್ನು ಅದು ತಾನೇ ತೊಳೆದಿಡುತ್ತದೆ.

ರಿಕವರಿ ಆಯ್ತು, ಆದರೆ ನೆಟ್ ತೆರೆಯುವುದಿಲ್ಲ.

ಮೊದಲು ತಾರೀಖು ನೋಡಿ. ವರ್ಷ ತಪ್ಪಿದ್ದರೆ ಬ್ಯಾಂಕು, ಮೇಲ್ ಯಾವುದೂ ತೆರೆಯದೆ 'ಸುರಕ್ಷಿತವಲ್ಲ' ಎನ್ನುತ್ತದೆ. ಆಮೇಲೆ ಬ್ರೌಸರ್. ವಿಂಡೋಸ್ 7ರ ಜೊತೆ ಬಂದ ಹಳೆಯ ಎಕ್ಸ್‌ಪ್ಲೋರರಿನಲ್ಲಿ ಈಗಿನ ತಾಣಗಳು ಓಡುವುದಿಲ್ಲ. ಕ್ರೋಮಿನ 109ನೇ ಆವೃತ್ತಿಯೇ ವಿಂಡೋಸ್ 7ಕ್ಕೆ ಕೊನೆಯದು. ಫೈರ್‌ಫಾಕ್ಸಿನ 115ನೇ ಇಎಸ್‌ಆರ್ ಆವೃತ್ತಿಯೂ ಓಡುತ್ತದೆ. ಇನ್ನೊಂದು ಕಂಪ್ಯೂಟರಿನಲ್ಲಿ ಇಳಿಸಿ ಪೆನ್ ಡ್ರೈವಿನಲ್ಲಿ ತನ್ನಿ. ವೈಫೈ ಡ್ರೈವರೇ ಇಲ್ಲದಿದ್ದರೆ ಮೊಬೈಲನ್ನು ಯುಎಸ್‌ಬಿ ಕೇಬಲ್ಲಿನಲ್ಲಿ ಹಾಕಿ ಟೆದರಿಂಗ್ (ಮೊಬೈಲಿನ ನೆಟ್ಟನ್ನು ಕಂಪ್ಯೂಟರಿಗೆ ಕೊಡುವುದು) ಆನ್ ಮಾಡಿದರೆ ಸಾಮಾನ್ಯವಾಗಿ ನೆಟ್ ಬರುತ್ತದೆ.

ಪತ್ರಗಳೆಲ್ಲ ಉಳಿದಿವೆ, ಆದರೆ ಕನ್ನಡ ಹೋಗಿ ಏನೇನೋ ಇಂಗ್ಲಿಷ್ ಚಿಹ್ನೆ ಕಾಣ್ತದೆ. ಫೈಲ್ ಹಾಳಾಯ್ತಾ?

ಹಾಳಾಗಿಲ್ಲ! ಇದನ್ನು ಕೇಳಿದವರು ಒಬ್ಬರು ನಿವೃತ್ತ ಅಕ್ಕೋರು, ಅಂದರೆ ಶಾಲೆಯ ಶಿಕ್ಷಕಿ. ಇಪ್ಪತ್ತು ವರ್ಷದ ಬರವಣಿಗೆ ಹೋಯಿತು ಅಂತ ಅತ್ತೇಬಿಟ್ಟಿದ್ದರು.

ಹಳೆಯ ನುಡಿ, ಬರಹದಲ್ಲಿ ಟೈಪ್ ಮಾಡಿದ ಫೈಲಿನೊಳಗೆ ನಿಜವಾಗಿ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತವೇ. ಆ ಸಂಕೇತಗಳ ಜಾಗದಲ್ಲಿ ಕನ್ನಡದ ಆಕಾರ ತೋರಿಸುವುದು ಫಾಂಟ್. ರಿಕವರಿಯಲ್ಲಿ ಫಾಂಟ್ ಹೋಯಿತು, ಆದ್ದರಿಂದ ವೇಷ ಕಳಚಿದ ಹಾಗೆ ಕಾಣುತ್ತಿದೆ. ಕನ್ನಡ ಗಣಕ ಪರಿಷತ್ತಿನ ನುಡಿಯನ್ನೋ, 1998ರಲ್ಲಿ ಬಂದ ಬರಹವನ್ನೋ, ಮೊದಲು ಯಾವುದರಲ್ಲಿ ಬರೆದಿದ್ದಿರೋ ಅದನ್ನೇ ಮತ್ತೆ ಹಾಕಿ. ನುಡಿಯ ಫೈಲಿಗೆ ಬರಹದ ಫಾಂಟ್ ಹಾಕಿದರೆ ಅಲ್ಲಲ್ಲಿ ಒತ್ತಕ್ಷರ ತಪ್ಪಬಹುದು. ಫೈಲ್ ತೆರೆದು, ಎಲ್ಲ ಆರಿಸಿ, ಆ ಫಾಂಟ್ ಕೊಟ್ಟರೆ ಕನ್ನಡ ಎದ್ದು ನಿಲ್ಲುತ್ತದೆ. ಅಕ್ಕೋರ ಮನೆಯಲ್ಲಿ ಅವರ ಮೊದಲ ಸಾಲು ಪರದೆಯ ಮೇಲೆ ಮರಳಿ ಬಂದ ಕ್ಷಣ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಅಲ್ಲಿಗೆ ಬಿಡಬೇಡಿ. ನುಡಿ, ಬರಹ ಎರಡರಲ್ಲೂ, ಈಗಿನ ಎಲ್ಲ ಯಂತ್ರಗಳೂ ಓದುವ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಬದಲಿಸುವ ಸೌಲಭ್ಯ ಇದೆ. ಬದಲಿಸಿ ಬೇರೆ ಹೆಸರಿನಲ್ಲಿ ಉಳಿಸಿ, ಮೂಲವನ್ನೂ ಇಟ್ಟುಕೊಳ್ಳಿ. ಯೂನಿಕೋಡ್ ಆದ ಮೇಲೆ ಯಾವ ಮೊಬೈಲಿನಲ್ಲೂ ಓದಬಹುದು. ಮೊದಲೇ ಯೂನಿಕೋಡ್‌ನಲ್ಲಿದ್ದು ಎಕ್ಸ್‌ಪಿಯಲ್ಲಿ ಚೌಕ ಚೌಕವಾಗಿ ಕಂಡರೆ ಅದು ಬೇರೆ ಮಾತು. ಕಂಟ್ರೋಲ್ ಪ್ಯಾನೆಲ್ಲಿನ ರೀಜನಲ್ ಸೆಟ್ಟಿಂಗಿನಲ್ಲಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಆನ್ ಮಾಡಬೇಕು. ಆಗ ಎಕ್ಸ್‌ಪಿಯ ಸಿಡಿ ಕೇಳಬಹುದು.

ಎಲ್ಲ ಸರಿಯಾದ ಮೇಲೆ ವಿಂಡೋಸ್ 7ರಲ್ಲೇ ಇರಬಹುದಾ?

ನೆಟ್ ಇಲ್ಲದೆ ಟೈಪಿಂಗ್, ಲೆಕ್ಕಕ್ಕೆ ಆದರೆ ಇರಿ. ಬ್ಯಾಂಕ್ ಕೆಲಸಕ್ಕೆ ಬೇಡ. ಎಕ್ಸ್‌ಪಿಯ ಸುರಕ್ಷಾ ಅಪ್‌ಡೇಟ್ 2014ರ ಏಪ್ರಿಲಿಗೆ ನಿಂತಿತು, 7ರದ್ದು 2020ರ ಜನವರಿಗೆ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 4 ಜಿಬಿ ರ‍್ಯಾಮ್ ಇದ್ದರೆ ಲಿನಕ್ಸ್ ಮಿಂಟ್ ಹಾಕಿ, ಹಾರ್ಡ್‌ಡಿಸ್ಕ್ ಬದಲು ಸಾಟಾ ಎಸ್‌ಎಸ್‌ಡಿ ಹಾಕಿಸಿ. ಹಳೆಯ ಡಿಸ್ಕನ್ನು ಫೈಲ್ ಸಹಿತ ಹಾಗೇ ತೆಗೆದಿಡಬಹುದು. ನನ್ನ ಮನಸ್ಸಿಗೆ ಒಪ್ಪುವ ದಾರಿ ಇದೇ.

ಅಂಗಡಿಗೆ ಕೊಡುವಾಗ ಏನು ಹೇಳಬೇಕು?

"ಫೈಲ್ ಬೇಕು, ಕೇಳದೆ ಫಾರ್ಮ್ಯಾಟ್ ಹೊಡೆಯಬೇಡಿ." ಬಾಯಲ್ಲಿ ಹೇಳುವುದಷ್ಟೇ ಅಲ್ಲ, ಕಾಗದದಲ್ಲಿ ಬರೆದು ಪೆಟ್ಟಿಗೆಗೆ ಅಂಟಿಸಿ. ತೆಗೆದುಕೊಳ್ಳುವವರು ಒಬ್ಬರು, ರಿಪೇರಿ ಮಾಡುವವರು ಇನ್ನೊಬ್ಬರು ಇರುತ್ತಾರೆ. ಬಂದ ಎರರ್ ಸಾಲಿನ ಫೋಟೊ ತೋರಿಸಿ. ಡಿಸ್ಕ್ ಬದಲಿಸಿದರೆ ಹಳೆಯದನ್ನು ಕೇಳಿ ವಾಪಸ್ ತನ್ನಿ.

ಮಳೆಗಾಲದಲ್ಲಿ ಕಂಪ್ಯೂಟರ್ ಇಡುವುದು ಹೇಗೆ?

ಅಡುಗೆಮನೆಯ ಭರಣಿಯಲ್ಲಿಟ್ಟ ಉಪ್ಪು ಆಷಾಢದಲ್ಲಿ ನೀರೊಡೆಯುವುದನ್ನು ನೋಡಿದ್ದೀರಲ್ಲ? ಗಾಳಿಯ ತೇವ ಶೇ 75 ದಾಟಿದರೆ ಉಪ್ಪು ನೀರು ಹೀರಿ ಕರಗಲು ಶುರುವಾಗುತ್ತದೆ. ಕುಮಟಾ ತಾಲೂಕಿನ ಸಾಣಿಕಟ್ಟಾದ ಆಗರಗಳಲ್ಲಿ (ಉಪ್ಪು ತೆಗೆಯುವ ಗದ್ದೆಗಳಲ್ಲಿ) ಮಳೆಗಾಲಕ್ಕೆ ಉಪ್ಪಿನ ಕೆಲಸ ನಿಲ್ಲುತ್ತದೆ. ಕಡಲ ಗಾಳಿ ಅದೇ ಉಪ್ಪನ್ನು ಕಾರವಾರ, ಅಂಕೋಲೆ, ಹೊನ್ನಾವರದ ಮನೆಗಳ ಕಂಪ್ಯೂಟರಿನೊಳಗೂ ತಂದು ಕೂರಿಸಿರುತ್ತದೆ. ಬೇಸಿಗೆಯಲ್ಲಿ ಅದು ಒಣ ಧೂಳು. ಮಳೆಗಾಲದಲ್ಲಿ ಬೋರ್ಡಿನ ಮೇಲೆ ಉಪ್ಪುನೀರು. ಕರೆಂಟ್ ಹರಿಯಬಾರದ ಕಡೆ ಹರಿಯುತ್ತದೆ, ತುಕ್ಕು ಹತ್ತುತ್ತದೆ. ಘಟ್ಟದ ಮೇಲೆ ಉಪ್ಪಿಲ್ಲ, ಆದರೆ ತಿಂಗಳುಗಟ್ಟಲೆ ಥಂಡಿ, ಬೂಸ್ಟು. ಎರಡೂ ಕಡೆ ಪರಿಣಾಮ ಒಂದೇ.

ಮೇ ಕೊನೆಯಲ್ಲಿ ಪೆಟ್ಟಿಗೆ ತೆರೆದು ಒಣ ಬ್ರಷ್‌ನಿಂದ ಧೂಳು ತೆಗೆಯಿರಿ. ನೆಲದ ಮೇಲೆ, ಹೊರಗೋಡೆಗೆ ತಾಗಿಸಿ ಇಡಬೇಡಿ. ಪ್ಲಾಸ್ಟಿಕ್ ಹೊದಿಸಿ ಕಟ್ಟಬೇಡಿ, ತೇವ ಒಳಗೇ ಕೂರುತ್ತದೆ. ತೆಳು ಹತ್ತಿ ಬಟ್ಟೆ ಸಾಕು. ಬಳಕೆ ಇಲ್ಲದಿದ್ದರೂ ಎರಡು ದಿನಕ್ಕೊಮ್ಮೆ ಅರ್ಧ ಗಂಟೆ ಚಾಲೂ ಇಡಿ. ಅದರ ಬಿಸಿಗೇ ಒಳಗೆ ಒಣಗುತ್ತದೆ. ಹಂಚು ಸೋರಿ ನೆನೆದರೆ ಆನ್ ಮಾಡದೆ, ಬಿಚ್ಚಿ, ಎರಡು ದಿನ ಫ್ಯಾನಿನ ಗಾಳಿಗೆ ಇಡಿ. ಒಲೆ ದಂಡೆಯ ಮೇಲೆ ಒಣಗಿಸಲು ಇಡಬೇಡಿ. ಹೊಗೆ, ಮಸಿ ಒಳಗೆ ಸೇರುತ್ತದೆ. ಗುಡುಗು ದೂರದಲ್ಲಿ ಕೇಳಿದ ಕೂಡಲೇ ಪ್ಲಗ್ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು. ಜೊತೆಗೆ ನೆಟ್‌ವರ್ಕ್ ಕೇಬಲ್ಲನ್ನೂ ಕೀಳಿ. ಸಿಡಿಲು ಎಷ್ಟೋ ಸಲ ಆ ದಾರಿಯಿಂದಲೇ ಬರುತ್ತದೆ.

ಮಳೆ ಶುರುವಾಗುವ ಮೊದಲು ಒಂದು ಭಾನುವಾರ ಎಲ್ಲ ಫೈಲುಗಳನ್ನು ಎರಡು ಕಡೆ ನಕಲು ಮಾಡಿ. ಒಂದು ಡಿಸ್ಕ್ ಮನೆಯಲ್ಲಿರಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ. ಇನ್ನೊಂದನ್ನು ಬೇರೆ ಊರಿನಲ್ಲಿರುವ ಮಗಳ ಮನೆಯಲ್ಲೋ, ತಮ್ಮನ ಮನೆಯಲ್ಲೋ ಇಡಿ. ಡಬ್ಬಿಯ ಮೇಲೆ ತಾರೀಖು ಬರೆದಿಡಿ.